126 ಮತ್ತು 7ರ ನಡುವೆ ಒಂದು ಉದ್ಯೋಗ

ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ 126 ಇದ್ದರೆ ಬೆಂಗಳೂರಿನ ವೈದ್ಯರು ಮಧುಮೇಹವೆಂದು ಶಂಕಿಸುತ್ತಾರೆ. ಅಷ್ಟೇ ಸಕ್ಕರೆಗೆ ಲಂಡನ್ನಿನ ಲ್ಯಾಬ್ ವರದಿ ತೋರಿಸುವುದು 7. ಎರಡೂ ಸರಿ. ಇಲ್ಲಿ ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ, ಅಲ್ಲಿ ಲೀಟರಿಗೆ ಎಷ್ಟು ಮಿಲಿಮೋಲ್ ಎಂಬುದು. ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಅವರದು ಸಿಗುತ್ತದೆ. ವೈದ್ಯರಿಗೆ ನೋಡಿದೊಡನೆ ತಿಳಿಯುವ ಈ ವ್ಯತ್ಯಾಸವನ್ನು ಕಂಪ್ಯೂಟರಿಗೆ ಯಾರಾದರೂ ಕಲಿಸಬೇಕು. ಇಲ್ಲವಾದರೆ, ಲಂಡನ್ನಿನ ಮಗನ ಮನೆಗೆ ಹೋದ ತಾಯಿಯ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಕುಸಿದಂತೆ ದಾಖಲೆಯಲ್ಲಿ ಕಂಡೀತು.

ಹಾಗೆ ಕಲಿಸುವುದು ಹೆಲ್ತ್ ಇನ್ಫರ್ಮ್ಯಾಟಿಕ್ಸ್ ಓದಿದವರ ಕೆಲಸ. ಇದನ್ನು ಆಸ್ಪತ್ರೆಯ ಡೇಟಾ ಎಂಟ್ರಿ ಎಂದು ತಿಳಿದವರು ಹಲವರಿದ್ದಾರೆ. ಓದಿನ ಹರವು ಅದಕ್ಕಿಂತ ಬಹಳ ದೊಡ್ಡದು. ವೈದ್ಯರು ‘ಹಾರ್ಟ್ ಅಟ್ಯಾಕ್’ ಎಂದು ಬರೆದರೂ ‘ಎಂಐ’ ಎಂದು ಬರೆದರೂ ಸ್ನೋಮೆಡ್ ಸಿಟಿ ಎಂಬ ಪದಕೋಶ ಎರಡನ್ನೂ 22298006 ಎಂಬ ಒಂದೇ ಸಂಕೇತಕ್ಕೆ ತಲುಪಿಸುತ್ತದೆ. ಲ್ಯಾಬ್ ಪರೀಕ್ಷೆಗಳಿಗೆ ಲೋಯಿಂಕ್ ಸಂಕೇತಗಳಿವೆ. ಒಂದು ಆಸ್ಪತ್ರೆಯ ತಂತ್ರಾಂಶ ಇನ್ನೊಂದಕ್ಕೆ ದಾಖಲೆ ಕಳಿಸಲು ಫೈರ್ ಎಂಬ ಮಾನದಂಡವಿದೆ. 2021ರಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ನಮಗೆ ಕೊಡುವ 14 ಅಂಕಿಗಳ ‘ಆಭಾ’ ಸಂಖ್ಯೆಗೆ ಜೋಡಿಸಿದ ದಾಖಲೆಗಳ ವಿನಿಮಯದ ಹಿಂದೆಯೂ ಫೈರ್ ಇದೆ.

ತಂತ್ರಜ್ಞಾನಕ್ಕಿಂತ ಕಷ್ಟದ ಪ್ರಶ್ನೆಗಳೂ ಈ ಓದಿನಲ್ಲಿವೆ. ನಿಮ್ಹಾನ್ಸ್, ಐಐಐಟಿ ಬೆಂಗಳೂರು ಮತ್ತು ರಾಜ್ಯ ಸರ್ಕಾರ ಸೇರಿ ರೂಪಿಸಿದ ‘ಇ-ಮಾನಸ್’ ಮಾನಸಿಕ ಆರೋಗ್ಯದ ದಾಖಲೆಗಳ ವ್ಯವಸ್ಥೆ. ಇಂಥ ದಾಖಲೆಯನ್ನು ಯಾರು ನೋಡಬಹುದು? ಔಷಧ ಕೊಡುವವರಿಗೆ ಎಷ್ಟು ತಿಳಿದರೆ ಸಾಕು? ರೋಗಿ ಒಪ್ಪದಿದ್ದರೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ. ಆ ಹಕ್ಕನ್ನು ಪರದೆಯ ಮೇಲೆ ಉಳಿಸುವುದು ತಂತ್ರಾಂಶ ಕಟ್ಟುವವರ ಹೊಣೆ.

ಕ್ಲಿನಿಕಲ್ ಕೋಡರ್, ಆಸ್ಪತ್ರೆ ತಂತ್ರಾಂಶದ ಅನಲಿಸ್ಟ್, ವಿಮಾ ಕ್ಲೇಮುಗಳ ಪರಿಶೀಲಕ, ಔಷಧ ಪ್ರಯೋಗಗಳ ಡೇಟಾ ಮ್ಯಾನೇಜರ್, ಸಾಂಕ್ರಾಮಿಕ ರೋಗಗಳ ಕಣ್ಗಾವಲು ತಂಡ: ಉದ್ಯೋಗಗಳು ಹೀಗೆ ಚದುರಿವೆ. ಎಂಜಿನಿಯರುಗಳು ಬರುತ್ತಾರೆ, ಬರಲಿ. ಆದರೆ ನರ್ಸುಗಳು, ಫಾರ್ಮಸಿಸ್ಟುಗಳು, ಲ್ಯಾಬ್ ತಂತ್ರಜ್ಞರು ಹೆಚ್ಚು ಬರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ರಾತ್ರಿ ಪಾಳಿಯಲ್ಲಿ ಯಾವ ಕಾಲಂ ಖಾಲಿ ಉಳಿಯುತ್ತದೆ, ಏಕೆ ಉಳಿಯುತ್ತದೆ ಎಂಬುದು ವಾರ್ಡಿನಲ್ಲಿ ದುಡಿದವರಿಗೇ ಗೊತ್ತು. ಅಂಥವರು ಡೇಟಾಬೇಸು, ಎಸ್‌ಕ್ಯೂಎಲ್, ಒಂದಿಷ್ಟು ಸಂಖ್ಯಾಶಾಸ್ತ್ರ ಕಲಿತರೆ ಅವರ ಅನುಭವಕ್ಕೆ ಹೊಸ ಬೆಲೆ ಬರುತ್ತದೆ.

ಕೋರ್ಸಿಗೆ ಹಣ ಕಟ್ಟುವ ಮೊದಲು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಇದೆಯೇ, ಫೈರ್ ಕಲಿಸುತ್ತಾರೆಯೇ ಎಂದು ಕೇಳಿ. ಫೈರ್ ಮತ್ತು ಲೋಯಿಂಕ್ ಉಚಿತ. ಭಾರತ ಸದಸ್ಯ ದೇಶವಾಗಿರುವುದರಿಂದ ಇಲ್ಲಿ ಸ್ನೋಮೆಡ್ ಬಳಕೆಗೂ ಶುಲ್ಕವಿಲ್ಲ. ರುಚಿ ನೋಡಲು ಇಂದೇ ಶುರುಮಾಡಬಹುದು.