ಸಂಧಿಪತ್ರ ಮತ್ತು ಗಡಿರೇಖೆ

ರಣರಂಗದಲ್ಲಿ ತೋಪಿನ ಸದ್ದು ಅಡಗಿದೊಡನೆ ಯುದ್ಧವು ಮುಗಿಯಿತೆಂದು ಜನರು ಭಾವಿಸುವುದು ಸಹಜ. ಆದರೆ ಗೆದ್ದವರಿಗೆ ದೊರೆತುದೇನು, ಸೋತವರು ಕಳೆದುಕೊಂಡುದೇನು ಎಂಬುದು ನಿರ್ಧಾರವಾಗುವುದು ಅನಂತರದ ಸಂಧಿಪತ್ರದಲ್ಲಿ. 1792ರ ಶ್ರೀರಂಗಪಟ್ಟಣದ ಒಪ್ಪಂದವು ಇದಕ್ಕೆ ಉತ್ತಮ ನಿದರ್ಶನ.

ಮೂರನೆಯ ಮೈಸೂರು ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿ, ಹೈದರಾಬಾದಿನ ನಿಜಾಮ ಹಾಗೂ ಮರಾಠರು ಒಂದುಗೂಡಿ ಟಿಪ್ಪು ಸುಲ್ತಾನನನ್ನು ಎದುರಿಸಿದರು. ರಾಜಧಾನಿಯೇ ಮುತ್ತಿಗೆಗೆ ಒಳಗಾದಾಗ ಸುಲ್ತಾನನು ಸಂಧಿಗೆ ಒಪ್ಪಬೇಕಾಯಿತು. ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಡುವುದು, 3 ಕೋಟಿ 30 ಲಕ್ಷ ರೂಪಾಯಿ ತೆರುವುದು, ಷರತ್ತುಗಳು ನೆರವೇರುವವರೆಗೆ ಇಬ್ಬರು ಎಳೆಯ ಪುತ್ರರನ್ನು ಒತ್ತೆಯಿಡುವುದು ಎಂದು ಗೊತ್ತಾಯಿತು.

ಬಿಟ್ಟುಕೊಟ್ಟ ನಾಡನ್ನು ಮೂವರೂ ಹಂಚಿಕೊಂಡರು. ಮರಾಠರ ಗಡಿ ತುಂಗಭದ್ರೆಯವರೆಗೆ ಸರಿಯಿತು. ಕೃಷ್ಣೆಯ ದಕ್ಷಿಣಕ್ಕೆ ಪೆನ್ನಾರಿನಾಚೆಗೂ ಚಾಚಿದ ಪ್ರದೇಶ ನಿಜಾಮನದಾಯಿತು. ಮಲಬಾರ್, ದಿಂಡಿಗಲ್, ಬಾರಾಮಹಲ್‌ಗಳೂ ಕೊಡಗಿನ ಮೇಲಣ ಅಧಿಕಾರವೂ ಕಂಪನಿಗೆ ಸಂದುವು. ಪಾಲು ಮೂರಾದರೂ ಅವುಗಳ ಬೆಲೆ ಒಂದೇ ಆಗಿರಲಿಲ್ಲ. ಮಲಬಾರಿನಲ್ಲಿ ಮೆಣಸೂ ಬಂದರುಗಳೂ ಇದ್ದುವು. ಬಾರಾಮಹಲಿನಲ್ಲಿ ಪೂರ್ವದ ಬಯಲಿನಿಂದ ಮೈಸೂರಿಗೆ ಏರುವ ಕಣಿವೆದಾರಿಗಳಿದ್ದುವು. ಪಶ್ಚಿಮದ ಕಡಲಿನಿಂದ ರಾಜಧಾನಿಗೆ ಬರುವ ಘಟ್ಟದ ಮಾರ್ಗ ಕೊಡಗಿನಲ್ಲಿತ್ತು. ಅರ್ಧ ಮನೆಯನ್ನು ಕಳೆದುಕೊಂಡವನು ಉಳಿದರ್ಧದಲ್ಲಿ ಬಾಳಿಯಾನು; ಬಾಗಿಲುಗಳೇ ಪರರ ಪಾಲಾದರೆ ಅವನಿಗೆ ರಕ್ಷಣೆ ಎಲ್ಲಿಯದು?

ಏಳು ವರ್ಷಗಳಲ್ಲಿ ಇದರ ಪರಿಣಾಮ ಕಾಣಿಸಿತು. 1799ರಲ್ಲಿ ಮದರಾಸಿನ ಸೈನ್ಯ ಬಾರಾಮಹಲಿನ ಮೂಲಕವೂ ಬೊಂಬಾಯಿಯ ಸೈನ್ಯ ಕೊಡಗಿನ ಮೂಲಕವೂ ನಡೆದುಬಂದುವು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸುಲ್ತಾನನು ಹೋರಾಡುತ್ತ ಮಡಿದನು. ಮತ್ತೆ ಒಪ್ಪಂದಗಳಾದುವು. ಕೆನರಾ ಕರಾವಳಿಯನ್ನು ಕಂಪನಿ ತೆಗೆದುಕೊಂಡಿತು. ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ದೊರೆತುದು ಕಡಲಿಲ್ಲದ ಮೈಸೂರು. ಕಂಪನಿಯ ಸೈನ್ಯಕ್ಕಾಗಿ ಅದು ವರ್ಷಕ್ಕೆ 7 ಲಕ್ಷ ವರಹ ತೆರಬೇಕಾಯಿತು.

ಗೆದ್ದ ಮಿತ್ರರೂ ಉಳಿಯಲಿಲ್ಲ. ನಿಜಾಮನು ತಾನು ಪಡೆದುದನ್ನು 1800ರಲ್ಲಿ ಕಂಪನಿಗೇ ಒಪ್ಪಿಸಿದನು. ಬಳ್ಳಾರಿ ಮದರಾಸಿಗೆ ಸೇರಿತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಿತು. ಧಾರವಾಡವು ಮುಂದೆ ಬೊಂಬಾಯಿ ಪ್ರಾಂತದಲ್ಲಿ ಉಳಿಯಿತು. ಒಮ್ಮೆ ಒಂದೇ ಆಳ್ವಿಕೆಯಲ್ಲಿದ್ದ ಮೈಸೂರು, ಮಂಗಳೂರು, ಬಳ್ಳಾರಿ, ಧಾರವಾಡಗಳ ಜನ ಬೇರೆಬೇರೆ ಸರಕಾರಗಳ ಪ್ರಜೆಗಳಾದರು. ಬಳ್ಳಾರಿಯು 1953ರಲ್ಲಿ ಮೈಸೂರಿಗೆ ಮರಳಿತು. ಧಾರವಾಡವೂ ಮಂಗಳೂರೂ ಬಂದು ಸೇರಿದುದು 1956ರ ನವೆಂಬರ್ 1ರಂದು.

ಯುದ್ಧವು ತಿಂಗಳುಗಳಲ್ಲಿ ಮುಗಿದೀತು. ಸಂಧಿಪತ್ರ ಎಳೆದ ಗೆರೆಯನ್ನು ಅಳಿಸಲು ತಲೆಮಾರುಗಳೇ ಬೇಕಾಗುತ್ತವೆ.