ರೇಡಿಯೊ ಮುಂದೆ ಊರೇ ಕೂತಿದ್ದು ಯಾಕೆ?

ಪ್ರಶ್ನೆ: ಆಕಾಶವಾಣಿಯ ಈರಣ್ಣನ ಮಾತಿಗೆ ಜನ ರೇಡಿಯೊ ಸುತ್ತ ಸೇರುತ್ತಿದ್ದರು ಅಂತ ನಮ್ಮಜ್ಜ ಹೇಳ್ತಾರೆ. ಬೇರೆ ದೇಶದಲ್ಲೂ ಹೀಗಿತ್ತಾ? (ಮದ್ದೂರಿನ ಓದುಗರು)

ಉತ್ತರ: ಇತ್ತು. ಅಮೆರಿಕದಲ್ಲಂತೂ ಅದು ಹುಚ್ಚೇ ಆಗಿತ್ತು. 1928ರಲ್ಲಿ ಷಿಕಾಗೊದಲ್ಲಿ ಶುರುವಾದ ‘ಏಮಸ್ ಅಂಡ್ ಆಂಡಿ’ ಎಂಬ ರೇಡಿಯೊ ಧಾರಾವಾಹಿ ಮರುವರ್ಷ ದೇಶಕ್ಕೆಲ್ಲ ಕೇಳಿಸತೊಡಗಿತು. ಅದರ ಹೊತ್ತಿಗೆ ಚಿತ್ರಮಂದಿರದವರು ಸಿನಿಮಾ ನಿಲ್ಲಿಸಿ ರೇಡಿಯೊ ಹಾಕುತ್ತಿದ್ದರು. ಮೊದಮೊದಲು ಬಹುಪಾಲು ಪಾತ್ರಗಳಿಗೆ ಇಬ್ಬರದೇ ಗಂಟಲು: ಗಾಸ್ಡೆನ್ ಮತ್ತು ಕೊರೆಲ್. ಕೊರೆಲ್ ಮೈಕಿಗೆ ತೀರಾ ಹತ್ತಿರ ಕೂತು ಆಂಡಿಯ ದಪ್ಪ ದನಿ ತೆಗೆಯುತ್ತಿದ್ದರು. ಕಥೆಯೋ, ಟಾಪಿಲ್ಲದ ಒಂದೇ ಕಾರಿನ ಟ್ಯಾಕ್ಸಿ ಕಂಪನಿಯದು. ಕೈಯಲ್ಲಿ ಕಾಸಿಲ್ಲದ ಆರ್ಥಿಕ ಕುಸಿತದ ದಿನಗಳಲ್ಲಿ ಆ ಪರದಾಟ ಎಲ್ಲರಿಗೂ ತಮ್ಮದೇ ಅನಿಸಿತು; ನಾಳೆ ಏನಾಗುತ್ತದೋ ಎಂಬ ಕುತೂಹಲ ಬೇರೆ.

ಆದರೆ ಇಬ್ಬರೂ ಬಿಳಿಯರು, ಅನುಕರಿಸಿದ್ದು ಕಪ್ಪು ಜನರ ಮಾತನ್ನು. ಇದು ಅವಮಾನವೆಂದು 1931ರಲ್ಲಿ ‘ಪಿಟ್ಸ್‌ಬರ್ಗ್ ಕೊರಿಯರ್’ ಪತ್ರಿಕೆ ಸಹಿ ಸಂಗ್ರಹಕ್ಕಿಳಿಯಿತು. ಆ ಸಿಟ್ಟು ನ್ಯಾಯವಾದದ್ದೇ.

ನಮ್ಮಲ್ಲಿ 1935ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಶುರುಮಾಡಿದ್ದರು. 1955ರಲ್ಲಿ ಬಾನುಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ನಿಮ್ಮಜ್ಜನ ಈರಣ್ಣ ಅಲ್ಲಿಯ ಎ.ಎಸ್. ಮೂರ್ತಿ, ಬೀದಿನಾಟಕ ಕಟ್ಟಿದ, ‘ಅಭಿನಯ ತರಂಗ’ ರಂಗಶಾಲೆ ನಡೆಸಿದ ರಂಗಕರ್ಮಿ. ಅಜ್ಜನಿಗೆ ನೆನಪಿರುವ ಮಾತುಗಳನ್ನು ಈಗಲೇ ಬರೆದಿಟ್ಟುಕೊಳ್ಳಿ.