ನಾಯಿಮರಿಗೆ ಕಲಿಸುವ ಕ್ರಮ

ಮೊದಲ ಸಲ ನಾಯಿಯನ್ನು ಸಾಕಬೇಕೆಂದಿರುವವರು ಅದರ ಜಾತಿ, ಬಣ್ಣ, ಬೆಲೆಗಳನ್ನು ಕುರಿತು ಬಹಳವಾಗಿ ವಿಚಾರಿಸುವರು. ಅದಕ್ಕೆ ಯಾವ ಕ್ರಮದಿಂದ ಕಲಿಸಬೇಕೆಂಬದನ್ನಾದರೋ, ಮರಿಯು ಮನೆಗೆ ಬಂದು ಚಪ್ಪಲಿಗಳನ್ನು ಕಡಿದ ಮೇಲೆಯೇ ಯೋಚಿಸುವರು. ಆಗ ನೆರೆಯವರಲ್ಲಿ ಒಬ್ಬರು ಬೆತ್ತವನ್ನೂ ಇನ್ನೊಬ್ಬರು ಬಿಸ್ಕತ್ತನ್ನೂ ಸೂಚಿಸುವರು. ಮಕ್ಕಳಿರುವ ಮನೆಯಲ್ಲಿ ಈ ಆಯ್ಕೆಯು ಅಲ್ಪ ಸಂಗತಿಯಲ್ಲ. ಭಯದಲ್ಲಿ ಬೆಳೆದ ನಾಯಿಯು ಮಗುವನ್ನು ಕಚ್ಚಬಹುದು. ಕಚ್ಚಿದ ನಾಯಿಯನ್ನು ದೂರದ ಬೀದಿಯಲ್ಲಿ ಬಿಟ್ಟುಬರುವವರೂ ಉಂಟು.

ದಂಡದ ಕ್ರಮವು ಹಳೆಯದು. ಜರ್ಮನಿಯ ಕೊನ್ರಾಡ್ ಮೋಸ್ಟ್ ಎಂಬವರು 1910ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬಲಾತ್ಕಾರಕ್ಕೆ ದೊಡ್ಡ ಸ್ಥಾನವಿತ್ತು. ತರುವಾಯ ರುಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸರು ಬಾಸೆಲ್ ಪಟ್ಟಣದ (ಈ ಹೆಸರು ನಮ್ಮ ಓದುಗರಿಗೆ ಹೊಸದಲ್ಲ) ಮೃಗಾಲಯದಲ್ಲಿ ಸೆರೆಯಲ್ಲಿದ್ದ ತೋಳಗಳನ್ನು ಪರೀಕ್ಷಿಸಿ, ಅವು ಮೇಲ್ಮೆಗಾಗಿ ಹೋರಾಡುವವೆಂದು 1947ರಲ್ಲಿ ಬರೆದರು. ಇದರಿಂದ, ಯಜಮಾನನು ನಾಯಿಯನ್ನು ಅಡಗಿಸಿ ತಾನೇ ಗುಂಪಿನ ಒಡೆಯನೆಂದು ತೋರಿಸಬೇಕೆಂಬ ಮಾತು ಹಬ್ಬಿತು. ಆದರೆ ಕಾಡಿನ ತೋಳಗಳನ್ನು ಬಹುಕಾಲ ಅಭ್ಯಾಸಮಾಡಿದ ಡೇವಿಡ್ ಮೀಚ್ ಎಂಬವರು, ತೋಳಗಳ ಗುಂಪು ಸಾಮಾನ್ಯವಾಗಿ ತಂದೆತಾಯಿಗಳೂ ಮರಿಗಳೂ ಕೂಡಿದ ಕುಟುಂಬವೇ ಎಂದು 1999ರಲ್ಲಿ ತಿಳಿಸಿದರು. ಹೀಗಿದ್ದರೂ ಒಡೆತನದ ಮಾತು ಇನ್ನೂ ಅನೇಕ ತರಬೇತುಗಾರರ ಬಾಯಲ್ಲಿದೆ.

ದಂಡದಿಂದ ಫಲವಿಲ್ಲವೆಂದು ನಾನು ಹೇಳುವದಿಲ್ಲ. ಫಲವುಂಟು, ಅದು ಬೇಗನೆ ಕಣ್ಣಿಗೆ ಬೀಳುವದರಿಂದಲೇ ಜನರು ಮರುಳಾಗುವರು. ಗುರುಗುಟ್ಟಿದ ನಾಯಿಯನ್ನು ಹೊಡೆದರೆ ಅದು ಗುರುಗುಟ್ಟುವದನ್ನು ಬಿಡುವದು. ಆದರೆ ಗುರುಗುಟ್ಟುವದೆಂದರೆ "ನನಗೆ ಅಂಜಿಕೆಯಾಗುತ್ತದೆ, ದೂರವಿರಿ" ಎಂಬ ಎಚ್ಚರಿಕೆಯಲ್ಲವೇ? ಅಂಜಿಕೆಯು ಒಳಗೇ ಉಳಿದು ಎಚ್ಚರಿಕೆ ಮಾತ್ರ ಹೋದರೆ, ನಾಯಿಯು ಮುಂದೆ ಸದ್ದಿಲ್ಲದೆ ಕಚ್ಚುವ ಅಪಾಯವಿದೆ. 2020ರಲ್ಲಿ ಪ್ರಕಟವಾದ ಪೋರ್ಚುಗಲ್ ದೇಶದ ಒಂದು ಸಂಶೋಧನೆಯಲ್ಲಿ 92 ನಾಯಿಗಳನ್ನು ಪರೀಕ್ಷಿಸಲಾಗಿ, ದಂಡದಿಂದ ಕಲಿತವುಗಳಲ್ಲಿ ಕಳವಳದ ಚಿಹ್ನೆಗಳು ಹೆಚ್ಚಾಗಿ ಕಂಡವು.

ಇನ್ನೊಂದು ಭ್ರಮೆಯೂ ಉಂಟು. ಸಂಜೆ ಮನೆಗೆ ಬಂದು ಚಾಪೆಯ ಮೇಲಣ ಹೊಲಸನ್ನು ಕಂಡು ಗದರಿಸಿದಾಗ ನಾಯಿಯು ತಲೆತಗ್ಗಿಸುವದು. "ತಪ್ಪು ಅದಕ್ಕೆ ಗೊತ್ತು" ಎಂದು ನಾವು ನಿಶ್ಚಯಿಸುವೆವು. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿಯು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಆ ಮುಖಭಾವವು ಹುಟ್ಟುವದು ಯಜಮಾನನ ಗದರಿಕೆಯಿಂದ. ತಪ್ಪು ಮಾಡದ ನಾಯಿಯೂ ಹಾಗೆಯೇ ತಲೆತಗ್ಗಿಸುವದು. (ತರಗತಿಯಲ್ಲಿ ನಿಂತ ಯಾವ ಉಪಾಧ್ಯಾಯಿನಿಗೂ ಇದು ಆಶ್ಚರ್ಯವಾಗಲಾರದು.)

ಬಹುಮಾನದ ಕ್ರಮವು ಸರಳವಾದರೂ ತಾಳ್ಮೆಯನ್ನು ಬೇಡುವದು. ಮರಿಯು ಕುಳಿತ ಕ್ಷಣದಲ್ಲಿಯೇ ಹೊಗಳಿ, ಬೇಯಿಸಿದ ಕೋಳಿಮಾಂಸದ ಚೂರನ್ನೋ ರೊಟ್ಟಿಯ ತುಣುಕನ್ನೋ ಕೊಡಬೇಕು. ತಡವಾಗಿ ಕೊಟ್ಟರೆ, ಅದು ಅಷ್ಟರಲ್ಲಿ ಎದ್ದು ನಿಂತದ್ದಕ್ಕೆ ಬಹುಮಾನವಾಗುವದು. ಇದು ಲಂಚವೆಂದು ಹಿರಿಯರು ಆಕ್ಷೇಪಿಸುವರು. ಲಂಚವನ್ನು ಕೆಲಸಕ್ಕೆ ಮುಂಚೆ ತೋರಿಸುವರು, ಸಂಬಳವನ್ನು ಆಮೇಲೆ ಕೊಡುವರು. ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಬೇಕು. ಅಜ್ಜಿಯು "ಕೂತ್ಕೋ" ಎಂದೂ ಮೊಮ್ಮಗನು "ಸಿಟ್" ಎಂದೂ ಹೇಳಿದರೆ ಮರಿಯು ಏನು ಮಾಡೀತು? ದಂಡವಿಲ್ಲವೆಂದರೆ ಕಟ್ಟಳೆಯಿಲ್ಲವೆಂದಲ್ಲ: ಮೈಮೇಲೆ ಹಾರುವ ಮರಿಗೆ ಬೆನ್ನು ತಿರುಗಿಸಿ ನಿಲ್ಲಿರಿ, ನಾಲ್ಕು ಕಾಲು ನೆಲಕ್ಕೆ ಬಂದಾಗ ಮುದ್ದಿಸಿರಿ. ಕ್ರಿಸ್ಮಸ್ ಕೇಕನ್ನು ಮಾತ್ರ ಕೊಡಬೇಡಿರಿ. ಒಣದ್ರಾಕ್ಷಿಯೂ ಚಾಕೊಲೇಟೂ ನಾಯಿಗೆ ವಿಷ.

ತರಬೇತುಗಾರನನ್ನು ಗೊತ್ತುಮಾಡುವದಾದರೆ, ನಾಯಿಯು ಸರಿಯಾಗಿ ಮಾಡಿದಾಗ ಏನು ಮಾಡುವಿರಿ, ತಪ್ಪಿದಾಗ ಏನು ಮಾಡುವಿರಿ ಎಂದು ಮೊದಲೇ ಕೇಳಿರಿ. ಉತ್ತರವು ಅಸ್ಪಷ್ಟವಾಗಿದ್ದರೆ, ಇಲ್ಲವೆ ಮುಳ್ಳಿನ ಪಟ್ಟಿ, ವಿದ್ಯುತ್ತಿನ ಪಟ್ಟಿಗಳ ಹೆಸರು ಬಂದರೆ, ನಮಸ್ಕಾರ ಹೇಳಿ ಹಿಂದಿರುಗಿರಿ. ವೇಲ್ಸ್ ದೇಶದಲ್ಲಿ ವಿದ್ಯುತ್ತಿನ ಪಟ್ಟಿಗಳು 2010ರಲ್ಲಿಯೇ ನಿಷೇಧಿಸಲ್ಪಟ್ಟವು. ನಾಯಿಯನ್ನು ತಮ್ಮಲ್ಲಿ ಬಿಟ್ಟುಹೋಗಿರಿ, ಕಲಿಸಿ ಕೊಡುವೆವು ಎನ್ನುವವರನ್ನೂ ನಾನು ನಂಬಲಾರೆನು. ಪಾಠವನ್ನು ನೀವು ಕಣ್ಣಾರೆ ನೋಡಬೇಕು, ಯಾಕಂದರೆ ನಾಯಿಗಿಂತ ಹೆಚ್ಚಾಗಿ ಕಲಿಯಬೇಕಾದವರು ನೀವೇ.

ನಾಯಿಯ ಸ್ವಭಾವವನ್ನೂ ಗಮನಿಸಿರಿ. ನಮ್ಮ ಮುಧೋಳದ ನಾಯಿಯು ಬೇಟೆಗಾಗಿ ಓಡಲು ಹುಟ್ಟಿದ್ದು. ಓಡುವ ಮೊಲವನ್ನು ಕಂಡಾಗ ಕರೆದೊಡನೆ ಹಿಂದಿರುಗಲಿಲ್ಲವೆಂದು ಅದನ್ನು ಮೊಂಡುತನವೆನ್ನಬಾರದು. ಮರಿಗಳು ಲೋಕಕ್ಕೆ ಒಗ್ಗಿಕೊಳ್ಳುವ ಮುಖ್ಯಕಾಲವು ಸುಮಾರು ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದ ವರೆಗೆ ಮಾತ್ರ. ಲಸಿಕೆಗಳು ಪೂರ್ಣವಾಗುವ ತನಕ ಮರಿಯನ್ನು ಬೀದಿಯ ನೆಲಕ್ಕೆ ಬಿಡದೆ, ಕೈಯಲ್ಲಿ ಎತ್ತಿಕೊಂಡೇ ಆಟೋರಿಕ್ಷಾ, ಛತ್ರಿ ಹಿಡಿದವರು, ದೇವಾಲಯದ ಗಂಟೆ, ಶಾಲೆ ಬಿಟ್ಟ ಮಕ್ಕಳ ಗದ್ದಲ ಇವೆಲ್ಲವನ್ನೂ ದೂರದಿಂದ ತೋರಿಸಿರಿ. ಅದು ಹೆದರಿದರೆ ಇನ್ನೂ ಸ್ವಲ್ಪ ಹಿಂದಕ್ಕೆ ಸರಿಯಿರಿ.